ಅಜ್ಜನ ಚದುರಂಗ ಮರೆಯಬೇಕಿಲ್ಲ

ಕುಮಟಾದಲ್ಲಿ ನಾವು ನೋಡಿದ ಒಂದು ಶಾಲಾ ಚೆಸ್ ಪಂದ್ಯದಲ್ಲಿ ಹೊನ್ನಾವರ ಕಡೆಯ ಹುಡುಗಿಯೊಬ್ಬಳು ಮೊದಲ ನಡೆಗೇ ಕೈ ಎತ್ತಿದಳು. ‘ಸರ್, ಇವ ಕಾಲಾಳನ್ನ ಎರಡು ಮನೆ ಹಾರಿಸಿದ.’ ಸುತ್ತ ಇದ್ದವರು ನಕ್ಕರು. ಅವಳು ಆಟ ಕಲಿತದ್ದು ಅಜ್ಜನ ಜೊತೆ ಜಗಲಿಯಲ್ಲಿ. ಅಲ್ಲಿ ಕಾಲಾಳಿಗೆ ಮೊದಲ ಸಲವೂ ಒಂದೇ ಮನೆ. ಸೋತು ಎದ್ದಾಗ ಹಿರಿಯರೊಬ್ಬರು, ‘ಆ ಹಳೇ ಆಟ ಮರೆತುಬಿಡು, ಓಪನಿಂಗ್ ಬಾಯಿಪಾಠ ಮಾಡು’ ಅಂದರು.

ಈ ಮಾತು ನಮಗೆ ಒಪ್ಪಿಗೆಯಿಲ್ಲ.

1855ರ ಮೇ ತಿಂಗಳಲ್ಲಿ ಕಲ್ಕತ್ತಾದಲ್ಲಿ ಮಹೇಶ್ಚಂದ್ರ ಬ್ಯಾನರ್ಜಿ ಎಂಬವರು ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್ ಎದುರು ಕಪ್ಪು ಕಾಯಿ ಹಿಡಿದು ಕೂತರು. ಅವರೂ ಮೊದಲು ಕಲಿತದ್ದು ನಮ್ಮ ದೇಶದ ಹಳೇ ನಿಯಮದ ಆಟವನ್ನೇ. ಮೊದಲು ಕುದುರೆ ಹೊರಗೆ ಬಂತು. ಆಮೇಲೆ ರಾಜನ ಕಡೆಯ ಕುದುರೆಯ ಮುಂದಿದ್ದ ಕಾಲಾಳನ್ನು ಒಂದೇ ಮನೆ ಸರಿಸಿದರು, ಥೇಟ್ ಅಜ್ಜನ ಹಾಗೆ. ಮೂರನೇ ನಡೆಗೆ ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಹೋಯಿತು, ಅದು ಹೊಸ ನಿಯಮ. ನಾಲ್ಕನೆಯದಕ್ಕೆ ಆ ಸಂದಿಯಲ್ಲಿ ಒಂಟೆ ಬಂದು ಕೂತು, ಮೂಲೆಯಿಂದ ಮೂಲೆಗೆ ಕಣ್ಣಿಟ್ಟಿತು. ನಡುವಿನ ಜಾಗ ಬಿಳಿಯವನೇ ಹಿಡಿಯಲಿ, ಹಿಡಿದ ಮೇಲೆ ಹೊಡೆಯೋಣ ಎಂಬ ಲೆಕ್ಕ. ಆ ಆಟ ಗೆದ್ದದ್ದು ಮಾತ್ರ ಕಾಕ್ರೇನ್.

1922ರಲ್ಲಿ ವಿಯೆನ್ನಾ ಟೂರ್ನಿಯಲ್ಲಿ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಇದೇ ಓಪನಿಂಗ್ ಆಡಿ ಅಲೆಖಿನ್ ಅವರನ್ನು ಸೋಲಿಸಿದರು. ಹೆಸರೂ ಗ್ರುನ್‌ಫೆಲ್ಡ್ ಡಿಫೆನ್ಸ್ ಎಂದೇ ನಿಂತಿತು. (ಕಲ್ಕತ್ತಾದವರ ಹೆಸರು ಇಡಬಹುದಿತ್ತು, ಇರಲಿ.)

ಆ ಹುಡುಗಿಗೆ ಈ ಆಟ ತೋರಿಸಿದರೆ ಒಂದು ಸಂಜೆಯಲ್ಲಿ ಅರ್ಥವಾದೀತು. ಅರ್ಧ ಆಟ ಅವಳ ಕೈಯಲ್ಲೇ ಇದೆ. ಉಳಿದದ್ದು ಎರಡು ಮನೆಯ ನಡೆ, ಕೋಟೆ ಕಟ್ಟುವುದು, ಮುಟ್ಟಿದ ಕಾಯಿ ನಡೆಸಲೇಬೇಕೆಂಬ ನಿಯಮ, ಗಡಿಯಾರದ ಅಭ್ಯಾಸ. ಒಂದು ಭಾನುವಾರ ಸಾಕು. ಅದು ಬಿಟ್ಟು, ದುಡ್ಡು ಕೊಟ್ಟು ಮೊಬೈಲಿನಲ್ಲಿ ಹನ್ನೆರಡು ನಡೆ ಬಾಯಿಪಾಠ ಮಾಡಿಸಿದರೆ, ಎದುರಿನವರು ಐದನೆಯದಕ್ಕೇ ಬೇರೆ ದಾರಿ ಹಿಡಿದಾಗ ಮಗು ಏನು ಮಾಡಬೇಕು?

ಭಟ್ಕಳ, ಹೊನ್ನಾವರ, ಕುಮಟಾದ ಶಾಲೆಗಳಿಗೆ ನಮ್ಮ ಕೋರಿಕೆ ಇಷ್ಟೇ. ತಾಲೂಕು ಪಂದ್ಯಕ್ಕೆ ಮೊದಲು ಒಂದು ದಿನ ನಿಯಮ ಹೇಳಿಕೊಡಿ. ಒಮ್ಮೆ ಸೋತ ಮಗುವನ್ನು ಅಷ್ಟಕ್ಕೇ ಮನೆಗೆ ಕಳಿಸದೆ ನಾಲ್ಕೈದು ಆಟವಾದರೂ ಆಡಿಸಿ. ನಿಯಮ ಹೇಳುವ ದಿನ ಜಗಲಿಯ ಅಜ್ಜಂದಿರನ್ನೂ ಕರೆಯಿರಿ, ಬೋರ್ಡು ಅವರೇ ತರುತ್ತಾರೆ.