ಕಡತ ಅಳಿಸಿತೆಂದು ಕೋಣೆಗೆ ಬೀಗವೇಕೆ?

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಹೀಗೊಂದು ಘಟನೆ ನಡೆಯಿತು ಎಂದು ಭಾವಿಸಿಕೊಳ್ಳಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆದಳು. ಅದನ್ನು ಉಳಿಸಲು ಹೋದರೆ ಜಾಗ ಸಾಲದು ಎಂಬ ಸೂಚನೆ ಬಂತು. ಬೇಡದ್ದನ್ನು ತೆಗೆದರಾಯಿತು ಎಂದು ಅವಳು ಸಿ ಡ್ರೈವ್ ತೆರೆದಳು. ಮರೆಯಲ್ಲಿಟ್ಟ ಕಡತಗಳೂ ಕಾಣುವಂತೆ ಮಾಡಿದಳು. ಅರ್ಥವಾಗದ ಹೆಸರಿನ ಮೂರು ಕಡತಗಳು ಕಂಡವು. ಅವನ್ನು ಅಳಿಸಿಬಿಟ್ಟಳು. ಕಂಪ್ಯೂಟರ್ ಎಂದಿನಂತೆ ನಡೆಯುತ್ತಲೇ ಇತ್ತು. ಮರುದಿನ ಗುಂಡಿ ಒತ್ತಿದಾಗ ಮಾತ್ರ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸೂಚನೆಯೊಂದು ಮೂಡಿ ಅಲ್ಲಿಗೇ ನಿಂತಿತು. "ಯಾರು ಮಾಡಿದ್ದು?" ಎಂದು ಮೇಷ್ಟ್ರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕೋಣೆಗೆ ಬೀಗ ಬಿತ್ತು.

ಇಲ್ಲಿ ಆದ ತಪ್ಪುಗಳೆಷ್ಟು? ನನ್ನ ಎಣಿಕೆಯಲ್ಲಿ ಮೂರು. ಕಡತ ಅಳಿಸಿದ್ದು ಒಂದು, ಅದನ್ನು ಹೇಳದೆ ಉಳಿದದ್ದು ಎರಡು, ಬೀಗ ಹಾಕಿದ್ದು ಮೂರು. ಇವುಗಳಲ್ಲಿ ಮೊದಲನೆಯದೇ ಚಿಕ್ಕದು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ತೆರೆದ ಬಾವಿಯ ದಡದಲ್ಲಿ ಕೂರಿಸಿದ ಪಂಪ್‌ಸೆಟ್ಟನ್ನು ನೀವು ನೋಡಿರಬಹುದು. ಕೊಳವೆಯಲ್ಲಿ ಮೊದಲೇ ನೀರು ತುಂಬಿರದಿದ್ದರೆ ಮೋಟರು ಎಷ್ಟು ತಿರುಗಿದರೂ ನೀರು ಮೇಲೇರುವುದಿಲ್ಲ. ನೀರೆತ್ತಲು ನೀರೇ ಬೇಕು! ಕಂಪ್ಯೂಟರಿನ ಪಾಡೂ ಇದೇ. ಅದು ಕೆಲಸ ಮಾಡಲು ತಂತ್ರಾಂಶ ಬೇಕು. ಆ ತಂತ್ರಾಂಶವನ್ನು ಹಾರ್ಡ್ ಡಿಸ್ಕಿನಿಂದ ಓದಿ ತರಲೂ ಇನ್ನೊಂದು ತಂತ್ರಾಂಶ ಬೇಕು. ರ‍್ಯಾಮ್ ಎಂಬ ನೆನಪಿನಲ್ಲಿದ್ದುದೆಲ್ಲ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಹಾಗಾದರೆ ಮೊದಲ ಚೆಂಬು ನೀರು ಎಲ್ಲಿಂದ ಬರಬೇಕು?

ಅದಕ್ಕೆಂದೇ ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ವಿದ್ಯುತ್ ಹೋದರೂ ಅಳಿಯದ ಪುಟ್ಟ ತಂತ್ರಾಂಶವಿರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಇದಕ್ಕೆ ಬಯಾಸ್ ಎಂದು ಹೆಸರು, ಈಗಿನವುಗಳಲ್ಲಿ ಯುಇಎಫ್‌ಐ. ಇದು ಮೊದಲು ನೆನಪು, ಕೀಲಿಮಣೆ ಮುಂತಾದುವನ್ನು ಪರೀಕ್ಷಿಸುತ್ತದೆ. ಬಯಾಸ್ ಆದರೆ ಬಳಿಕ ಹಾರ್ಡ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಅಲ್ಲಿರುವ ಸೂಚನೆ ಮುಂದಿನ ಕಡತವನ್ನು ಕರೆಯುತ್ತದೆ. ಆ ಕಡತ ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ರಿಲೇ ಓಟದಲ್ಲಿ ಒಬ್ಬರ ಕೈಯಿಂದ ಒಬ್ಬರಿಗೆ ಕೋಲು ದಾಟುವಂತೆ ಕೆಲಸ ಸಾಗುತ್ತದೆ. ಈ ಓಟಕ್ಕೇ ಬೂಟ್ ಆಗುವುದು ಎನ್ನುತ್ತಾರೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಓಟದ ನಡುವಿನ ಓಟಗಾರನ ಹೆಸರು ಎನ್‌ಟಿಎಲ್‌ಡಿಆರ್. ಅದು ಸಿ ಡ್ರೈವಿನಲ್ಲಿ ಮರೆಯಾಗಿರುವ ಒಂದು ಚಿಕ್ಕ ಕಡತ. ಅದರ ಕೆಲಸವಿರುವುದು ಕಂಪ್ಯೂಟರ್ ಏಳುವಾಗ ಮಾತ್ರ. ಆದ್ದರಿಂದ ಅದನ್ನು ಅಳಿಸಿದ ದಿನ ಏನೂ ಕಾಣುವುದಿಲ್ಲ. ಮರುದಿನ 'ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್' ಎಂಬ ಸಾಲು ಬರುತ್ತದೆ. ನಮ್ಮ ಕತೆಯ ಹುಡುಗಿಗೆ ಕಂಡದ್ದು ಇದೇ ಸಾಲು.

ಈಗ ಯೋಚಿಸಿ. ಈ ಸಾಲು ಬೈಗುಳವೇ? ಅಲ್ಲ, ಅದೊಂದು ಸುಳಿವು. ಕೋಲು ಬಿದ್ದದ್ದು ಎಲ್ಲಿ ಎಂದು ಅದು ಹೇಳುತ್ತಿದೆ. ದೀಪವೂ ಹೊತ್ತದೆ ಫ್ಯಾನೂ ತಿರುಗದೆ ಇದ್ದರೆ ದೋಷವನ್ನು ಮೊದಲು ವಿದ್ಯುತ್ತಿನಲ್ಲಿ ಹುಡುಕಬೇಕು. ಪರದೆಯಲ್ಲಿ ಅಕ್ಷರ ಮೂಡಿತೆಂದರೆ ವಿದ್ಯುತ್ ಬಂದಿದೆ, ಚಿಪ್ ಎದ್ದಿದೆ, ಪರದೆಯೂ ಸರಿಯಿದೆ. ಕಂಪ್ಯೂಟರ್ ಸತ್ತಿಲ್ಲ; ಒಂದು ಕಡತ ಸಿಗದೆ ನಿಂತಿದೆ ಅಷ್ಟೆ. ಫ್ಲಾಪಿಯನ್ನೋ ಪೆನ್ ಡ್ರೈವನ್ನೋ ತೆಗೆಯಲು ಮರೆತರೂ ಕೆಲವೊಮ್ಮೆ ಇಂಥದೇ ಸೂಚನೆ ಬರುವುದುಂಟು. ಹಾಗಾಗಿ ಮೊದಲು ಅದನ್ನು ತೆಗೆದು ನೋಡಬೇಕು. ಆಮೇಲೂ ಏಳದಿದ್ದರೆ, ಎಕ್ಸ್‌ಪಿಯ ಮೂಲ ಸಿ.ಡಿ.ಯಲ್ಲಿ ಅದೇ ಕಡತದ ಪ್ರತಿ ಇರುತ್ತದೆ. ಬಲ್ಲವರು ಅದನ್ನು ತಂದು ಮೊದಲಿನ ಜಾಗದಲ್ಲಿಟ್ಟರೆ ಸಾಕು. ಮುಂದೆ ಬಂದ ವಿಂಡೋಸ್‌ಗಳಲ್ಲಿ ದುರಸ್ತಿಯ ಸಾಧನ ಒಳಗೇ ಇದೆ. ಅದೂ ಸೋತರೆ ಲಿನಕ್ಸ್ ತುಂಬಿದ ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ ಮಕ್ಕಳ ಕೆಲಸವನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಳ್ಳಬಹುದು. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬುವುದು ಕಟ್ಟಕಡೆಯ ದಾರಿ.

ಆದರೆ ಇವುಗಳಲ್ಲಿ ಯಾವ ದಾರಿ ಹಿಡಿಯಬೇಕು? ಅದನ್ನು ಎಲ್ಲರಿಗಿಂತ ಬೇಗ ಹೇಳಬಲ್ಲವಳು ಅಳಿಸಿದ ಹುಡುಗಿಯೇ! "ನಾನು ಇಂಥ ಕಡತ ಅಳಿಸಿದೆ" ಎಂಬ ಒಂದು ಮಾತು ಸಿಕ್ಕರೆ ರಿಪೇರಿ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ. ಆ ಮಾತು ಸಿಗದಿದ್ದರೆ ಅವರು ಎಲ್ಲವನ್ನೂ ತಡಕಬೇಕು. ಸುಸ್ತಾಗಿ ಕೊನೆಗೆ ಡಿಸ್ಕನ್ನೇ ಅಳಿಸಿದರೂ ಅಳಿಸಬಹುದು. ಹೆದರಿದ ಮಗು ಸುಳಿವನ್ನು ಬಚ್ಚಿಡುತ್ತದೆ. ಗದರಿಕೆಯಿಂದ ಆಗುವ ದೊಡ್ಡ ನಷ್ಟ ಇದೇ.

ದೊಡ್ಡವರು ಇಂಥ ತಪ್ಪು ಮಾಡುವುದಿಲ್ಲವೇ? ಕೇಳಿ. 2002ರಲ್ಲಿ ಒಂದು ಸುಳ್ಳು ಇ-ಮೇಲ್ ಲೋಕವೆಲ್ಲ ಸುತ್ತಿತು. ಕರಡಿಮರಿಯ ಚಿತ್ರವಿರುವ ಕಡತವೊಂದು ವೈರಸ್, ಅದನ್ನು ಕೂಡಲೇ ಅಳಿಸಿ ಎಂದು ಅದರಲ್ಲಿತ್ತು. ಅದು ವಿಂಡೋಸ್‌ನದೇ ಕಡತವಾಗಿತ್ತು. ಅನೇಕ ದೊಡ್ಡವರು ಪತ್ರ ನಂಬಿ ತಾವೇ ಅಳಿಸಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳಿಸಿದ ಒಂದು ದೋಷಪೂರಿತ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು, ವಿಮಾನಗಳೂ ಹಾರಲಿಲ್ಲ. ಅಲ್ಲಿ ಪರಿಹಾರವೇನು ಗೊತ್ತೇ? ಆ ಒಂದು ಕಡತವನ್ನು ಅಳಿಸುವುದು! ತನ್ನಿಂದ ತಪ್ಪಾದದ್ದು ಹೇಗೆಂದು ಆ ಕಂಪನಿ ಬಳಿಕ ವರದಿ ಪ್ರಕಟಿಸಿತು. ಬೇರೆಯವರೂ ಅದರಿಂದ ಕಲಿತರು.

"ನಮ್ಮಲ್ಲಿರುವುದೇ ನಾಲ್ಕು ಕಂಪ್ಯೂಟರು, ಕೆಟ್ಟರೆ ಪೇಟೆಯಿಂದ ಜನ ಬರಬೇಕು, ಹಣ ಎಲ್ಲಿದೆ?" ಎಂದು ಶಿಕ್ಷಕರು ಕೇಳಬಹುದು. ಅವರ ಕಷ್ಟ ನಿಜ. ಆದರೆ ಬೀಗ ಹಾಕಿದ ಕಂಪ್ಯೂಟರಿನಿಂದ ಯಾರಿಗೆ ಲಾಭ? ದೂಳು ಮುಕ್ಕುತ್ತ ಅದು ಅಲ್ಲೇ ಹಳೆಯದಾಗುತ್ತದೆ. ಬೀಗಕ್ಕಿಂತ ಒಳ್ಳೆಯ ಉಪಾಯಗಳಿವೆ. ಮಕ್ಕಳಿಗೆ ಬೇರೆಯೇ ಖಾತೆ ತೆರೆದು, ವ್ಯವಸ್ಥೆಯ ಕಡತಗಳನ್ನು ಅಳಿಸುವ ಅಧಿಕಾರ ಅದಕ್ಕಿರದಂತೆ ಮಾಡಬಹುದು. ವಾರಕ್ಕೊಮ್ಮೆ ಮಕ್ಕಳ ಕೆಲಸವನ್ನು ಪೆನ್ ಡ್ರೈವಿಗೆ ನಕಲು ಮಾಡಿಡಬಹುದು. ಕೋಣೆಯಲ್ಲಿ ಒಂದು ನೋಟುಪುಸ್ತಕ ಇಡಬಹುದು: ದಿನಾಂಕ, ಕಂಪ್ಯೂಟರಿನ ಸಂಖ್ಯೆ, ಏನು ಮಾಡಿದೆವು, ಪರದೆಯಲ್ಲಿ ಏನು ಬಂತು. ಯಾರು ಮಾಡಿದ್ದು ಎಂಬ ಕಲಂ ಅದರಲ್ಲಿ ಬೇಡ.

ಮಕ್ಕಳೇ, ನಿಮ್ಮ ಪಾಲಿನ ಕೆಲಸವೂ ಇದೆ. ಗೊತ್ತಿಲ್ಲದ ಕಡತವನ್ನು ಅಳಿಸಬೇಡಿ, ಕೇಳಿ ತಿಳಿದುಕೊಳ್ಳಿ. ತಪ್ಪಿ ಅಳಿಸಿದರೆ ಆ ಕಂಪ್ಯೂಟರಿನಲ್ಲಿ ಹೊಸದೇನನ್ನೂ ಉಳಿಸದೆ, ಆಫ್ ಮಾಡುವ ಮೊದಲೇ ಹೇಳಿ. ರೀಸೈಕಲ್ ಬಿನ್ನಿನಲ್ಲಿ ಅದು ಇನ್ನೂ ಇರಬಹುದು. ಪರದೆಯ ಸೂಚನೆಯನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ವಿಜ್ಞಾನದಲ್ಲಿ ಪ್ರಯೋಗ ಕೆಟ್ಟರೆ ಏಕೆ ಕೆಟ್ಟಿತೆಂದು ಬರೆದಿಡುತ್ತಾರೆ. ಕಂಪ್ಯೂಟರ್ ಕೋಣೆಯೂ ಒಂದು ಪ್ರಯೋಗಾಲಯ ತಾನೇ? ಅಲ್ಲಿಗೆ ಬೇಕಾದದ್ದು ದೊಡ್ಡ ಬೀಗವಲ್ಲ, ನಿಜ ಹೇಳುವ ಮಕ್ಕಳು ಮತ್ತು ಅದನ್ನು ಗದರದೆ ಕೇಳುವ ಗುರುಗಳು.