ಜೈಲಿನಿಂದ ಹೊರಬಂದವರ ಸಾವು: ಲೆಕ್ಕ ಹಾಕುವುದು ಹೇಗೆ?

‘ಜೈಲಿಂದ ಜೀವಂತ ಹೊರಗೆ ಬಂದನಲ್ಲ, ಗಂಡಾಂತರ ಕಳೀತು’ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ?

ಜೈಲಿನೊಳಗೆ ಒಬ್ಬರು ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದ ಜೈಲುಗಳಲ್ಲಿ 1,995 ಮಂದಿ ಸತ್ತರು. ಆದರೆ ಬಳ್ಳಾರಿ ಕೇಂದ್ರ ಕಾರಾಗೃಹದಿಂದ ಬಿಡುಗಡೆಯಾಗಿ ಕಂಪ್ಲಿ ಬಸ್ ಹತ್ತಿದವರು ಹತ್ತನೇ ದಿನ ತೀರಿಕೊಂಡರೆ? ಆ ಸಾವು ಈ ಲೆಕ್ಕಕ್ಕೆ ಬರುವುದಿಲ್ಲ. ಮರಣ ನೋಂದಣಿಯ ಅರ್ಜಿಯಲ್ಲಿ ಜೈಲಿನ ಬಗ್ಗೆ ಪ್ರಶ್ನೆಯೇ ಇಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಮಂದಿಯ ಪಟ್ಟಿಯನ್ನು ಮರಣ ದಾಖಲೆಗಳ ಜೊತೆ ಹೋಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಆ ರಾಜ್ಯದ ಇತರರಿಗಿಂತ 12.7 ಪಟ್ಟು ಹೆಚ್ಚಿತ್ತು. ಮುಖ್ಯ ಕಾರಣ ಮಾದಕ ವಸ್ತು: ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ, ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ನಮ್ಮ ಕಡೆ ಕಾರಣಗಳು ಬೇರೆಯೇ ಇರಬಹುದು. ಕ್ಷಯ ಅಥವಾ ಎಚ್‌ಐವಿ ಮಾತ್ರೆ ಬಿಡುಗಡೆಯ ದಿನವೇ ತಪ್ಪಿಹೋಗುವುದನ್ನು ನಾನಂತೂ ಮೊದಲು ಹುಡುಕುತ್ತೇನೆ.

‘ಸಾವಿರಕ್ಕೆ ಎಷ್ಟು ಮಂದಿ ಸತ್ತರು’ ಎಂದಷ್ಟೇ ಕೇಳಿದರೆ ಈ ಎರಡು ವಾರಗಳು ಕಣ್ಣಿಗೆ ಬೀಳುವುದಿಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಬಿಡುಗಡೆಯಾದವರು 1,000, ವರ್ಷದಲ್ಲಿ ಸತ್ತವರು 10, ಅದರಲ್ಲಿ ಮೊದಲ 14 ದಿನಗಳಲ್ಲಿ 2. ಬರೀ ಶೇ 1 ಅನಿಸುತ್ತದೆ, ಅಲ್ಲವೇ? ಆದರೆ 1,000 ಮಂದಿ 14 ದಿನ ಬದುಕಿದರೆ ಒಟ್ಟು ಸುಮಾರು 38 ವರ್ಷ. ಅಷ್ಟು ಕಾಲದಲ್ಲಿ 2 ಸಾವು ಎಂದರೆ ಸಾವಿರ ‘ವ್ಯಕ್ತಿ-ವರ್ಷ’ಕ್ಕೆ ಸುಮಾರು 52. ಉಳಿದ ಅವಧಿಯ ದರ ಸುಮಾರು 8 ಮಾತ್ರ. ಜಾಮೀನಿನ ಮೇಲೆ ಹೊರಬಂದು ಮತ್ತೆ ಒಳಹೋದವರ ಜೈಲಿನ ದಿನಗಳನ್ನು ಇದರಿಂದ ಕಳೆಯಬೇಕು. ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರೇ ಆಗಿರುವುದರಿಂದ ಇದು ಸಣ್ಣ ಕೆಲಸವಲ್ಲ.

ಇನ್ನು ಎರಡು ಪಟ್ಟಿಗಳನ್ನು ಜೋಡಿಸುವ ಕಷ್ಟ. 2014ರಲ್ಲಿ ಇಂಗ್ಲಿಷಿನ ‘ಹಾಸ್ಪೆಟ್’ ಹೊಸಪೇಟೆಯಾಯಿತು, ‘ಬೆಳ್ಳಾರಿ’ ಬಳ್ಳಾರಿಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯವರ ಹಳೆಯ ಜೈಲು ದಾಖಲೆಯಲ್ಲಿ ‘ಹೊಸಪೇಟೆ ತಾಲ್ಲೂಕು’ ಎಂದಿದ್ದರೆ, ಮರಣ ದಾಖಲೆಯಲ್ಲಿ ‘ಕಂಪ್ಲಿ ತಾಲ್ಲೂಕು’ ಎಂದಿರುತ್ತದೆ. ಜೊತೆಗೆ ಊರಿಗೊಬ್ಬ ಪಂಪಾಪತಿ, ಓಣಿಗೊಬ್ಬ ಹುಲುಗಪ್ಪ! ವಿರೂಪಾಕ್ಷ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು, ನೀವೇ ಎಣಿಸಿ. ಹಾಗಾಗಿ ಹೆಸರು, ತಂದೆಯ ಹೆಸರು, ವಯಸ್ಸು, ಊರು ಎಲ್ಲಕ್ಕೂ ಅಂಕ ಕೊಟ್ಟು, ಒಟ್ಟು ಅಂಕ ಇಷ್ಟು ದಾಟಿದರೆ ಒಬ್ಬರೇ ಎಂದು ತೀರ್ಮಾನಿಸುವ ವಿಧಾನ ಬಳಸುತ್ತಾರೆ. ಇಲ್ಲೊಂದು ಅಪಾಯವಿದೆ: ಮರಣ ದಾಖಲೆಯಲ್ಲಿ ಜೋಡಿ ಸಿಗದವರೆಲ್ಲ ಬದುಕಿದ್ದಾರೆ ಎಂದೇ ಲೆಕ್ಕ. ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿ ಅಲ್ಲೇ ಸತ್ತವರೂ ನಮ್ಮ ಪಟ್ಟಿಯಲ್ಲಿ ಜೀವಂತ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಸಾವಿನ ಅಂಚಿನಲ್ಲಿರುವ ಕೈದಿಗೆ ಅನಾರೋಗ್ಯದ ಆಧಾರದ ಮೇಲೆ ಜಾಮೀನು ಸಿಗುವುದುಂಟು. ಮೂರು ದಿನಗಳಲ್ಲಿ ಅವರು ಸತ್ತರೆ ಜೈಲಿನ ಅಂಕಿ ಇಳಿಯುತ್ತದೆ, ಹೊರಗಿನದು ಏರುತ್ತದೆ. ಇಂಥವರನ್ನು ಪ್ರತ್ಯೇಕವಾಗಿ ಎಣಿಸದೆ ‘ಬಿಡುಗಡೆಯೇ ಅಪಾಯ’ ಎನ್ನುವಂತಿಲ್ಲ.

ಕಾರಣ ತಿಳಿಯಲು ಕಾಗದ ಸಾಲದು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಉಳಿದವಕ್ಕೆ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಜ್ವರವಿತ್ತೇ, ಎದೆನೋವಿತ್ತೇ ಎಂದು ಕೇಳಿ, ಉತ್ತರಗಳನ್ನು ವೈದ್ಯರಿಗೆ ತೋರಿಸಬೇಕು. ಇದಕ್ಕೆ ಮೌಖಿಕ ಶವಪರೀಕ್ಷೆ ಎನ್ನುತ್ತಾರೆ. ಆದರೆ ಸತ್ತವರು ಜೈಲಿನಲ್ಲಿದ್ದ ವಿಷಯ ನೆರೆಮನೆಗೆ ಗೊತ್ತಿಲ್ಲದಿರಬಹುದು, ಸೊಸೆಗೂ ಗೊತ್ತಿಲ್ಲದಿರಬಹುದು. ಕಟ್ಟೆಯ ಮೇಲೆ ಕುಳಿತು ಆ ಮಾತು ಎತ್ತುವ ಹಾಗಿಲ್ಲ. ಹೆಂಡತಿ ಅಥವಾ ತಾಯಿಯ ಜೊತೆ ಒಳಗೆ ಕುಳಿತು, ಏಕೆ ಬಂದಿದ್ದೇವೆಂದು ಹೇಳಿ ಒಪ್ಪಿಗೆ ಕೇಳಬೇಕು. ಅವರು ಬೇಡವೆಂದರೆ ಎದ್ದು ಬರಬೇಕು.