ಉಮ್ಮನಿಗೆ ಹೇಳಲಾಗದ ಮಾತು

ಕಳೆದ ತಿಂಗಳು ಬಂದ ಒಂದು ಪತ್ರ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಬರೆದವರು ಓರ್ವ ತಾಯಿ. ಎರಡು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ಅವರ ಪತಿ ತೀರಿಕೊಂಡರು. ಅದೇ ಕಾರಿನ ಹಿಂದಿನ ಸೀಟಿನಲ್ಲಿ ಹದಿಮೂರು ವರ್ಷದ ಮಗಳಿದ್ದಳು. ಅವಳ ಕೈಗೆ ಆದ ಗಾಯ ಎರಡು ತಿಂಗಳಲ್ಲಿ ವಾಸಿಯಾಯಿತು. ಈಗ ಆಕೆಗೆ ಹದಿನೈದು. ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ಶಾಲೆಯ ಬಸ್ಸು ಹತ್ತುವಾಗ ಬೆವರುತ್ತಾಳೆ. ತಂದೆಯ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. ಪುಟ್ಟ ತಮ್ಮನ ಮೇಲೆ ಸುಮ್ಮಸುಮ್ಮನೆ ರೇಗುತ್ತಾಳೆ. ತಾಯಿ ಎಲ್ಲವನ್ನೂ ಮಾಡಿ ನೋಡಿದ್ದಾರೆ. ಮುದ್ದಿಸಿದ್ದಾರೆ, ಗದರಿಸಿದ್ದಾರೆ, ಮನೆ ಬದಲಿಸಿದ್ದಾರೆ, ಯಾರೋ ಹೇಳಿದರೆಂದು ತಾಯತವನ್ನೂ ಕಟ್ಟಿಸಿದ್ದಾರೆ. ಈಗ ವೈದ್ಯರು ಮನೋಚಿಕಿತ್ಸೆಗೆ ಕಳುಹಿಸಿ ಎಂದಿದ್ದಾರೆ. ಪತ್ರದ ಕೊನೆಯಲ್ಲಿ ಅವರು ಕೇಳಿದ್ದು ಇಷ್ಟೇ: ಹೆತ್ತ ತಾಯಿಗೆ ಹೇಳದ್ದನ್ನು ಅವಳು ಗುರುತು ಪರಿಚಯವಿಲ್ಲದವರಿಗೆ ಹೇಳುವಳೇ? ಹೇಳಿದರೂ ಬರೀ ಮಾತಿನಿಂದ ಏನಾಗುತ್ತದೆ?

ಸಹೋದರಿಯರೇ, ಈ ಪ್ರಶ್ನೆಗಳಿಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲವರು ಇಂತಹ ಚಿಕಿತ್ಸೆಯನ್ನು ಪಡೆದ ಮಕ್ಕಳೇ. ನಾವು ವೈದ್ಯರನ್ನು ಕೇಳುತ್ತೇವೆ, ಶಿಕ್ಷಕರನ್ನು ಕೇಳುತ್ತೇವೆ, ಮಕ್ಕಳನ್ನು ಕೇಳುವುದು ಕಡಿಮೆ. ನಾರ್ವೆ ದೇಶದ ಸಂಶೋಧಕರು ಕೇಳಿದರು. ಆಘಾತಕ್ಕೆ ಒಳಗಾಗಿ ಚಿಕಿತ್ಸೆ ಪಡೆದ 11ರಿಂದ 17 ವರ್ಷದ 30 ಮಂದಿಯನ್ನು ಕೂರಿಸಿ ಮಾತನಾಡಿಸಿ, ಅವರು ಹೇಳಿದ್ದನ್ನು 2014ರಲ್ಲಿ ಪ್ರಕಟಿಸಿದರು. ನಡೆದದ್ದನ್ನು ಹೇಳಿಕೊಳ್ಳುವುದು ಬಹಳ ಕಷ್ಟ, ಆದರೆ ಹೇಳಿಕೊಳ್ಳಲೇಬೇಕು ಎಂಬುದು ಅವರ ಅನುಭವದ ಸಾರ. ಹೇಳಲು ಅವರಿಗೆ ನೆರವಾದದ್ದು ಏನು? ಎದುರಿಗೆ ಕುಳಿತವರು ಮನೆಯವರಲ್ಲ ಎಂಬುದೇ! ಆ ವ್ಯಕ್ತಿ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಇಂತಹ ಕಥೆಗಳನ್ನು ಮೊದಲೂ ಕೇಳಿದ ಅನುಭವಿ, ಮರುಗುತ್ತಾರೆ, ಹೇಳಿದ್ದನ್ನು ಊರೆಲ್ಲ ಹರಡುವುದಿಲ್ಲ.

ಇದನ್ನು ಓದಿ ಮೊದಲು ನನಗೂ ಸ್ವಲ್ಪ ನೋವಾಯಿತು. ನಾನೂ ತಾಯಿಯೇ ತಾನೇ? ಆದರೆ ಆ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ಅಪಘಾತದ ಬಗ್ಗೆ ಬಾಯಿ ತೆರೆದರೆ ಉಮ್ಮ ಅಳುತ್ತಾಳೆ. ಉಮ್ಮ ಅಳುವುದನ್ನು ಅವಳು ಸಾಕಷ್ಟು ನೋಡಿದ್ದಾಳೆ. ಆದ್ದರಿಂದ ಬಾಯಿ ಮುಚ್ಚುತ್ತಾಳೆ. ನಾವು ಅದನ್ನು ಹಟ ಎನ್ನುತ್ತೇವೆ. ಮಗಳು ತಾಯಿಯನ್ನು ಕಾಪಾಡುತ್ತಿರುತ್ತಾಳೆ, ತಾಯಿ ಮಗಳನ್ನು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಅಡಗಿಸಿಕೊಂಡು ಬದುಕುತ್ತಾರೆ.

ಇನ್ನು ಎರಡನೆಯ ಪ್ರಶ್ನೆ. ದುಃಖವನ್ನು ಕಾಲವೇ ವಾಸಿ ಮಾಡುತ್ತದೆ ಎನ್ನುವುದು ಅನೇಕ ಮಕ್ಕಳ ಮಟ್ಟಿಗೆ ನಿಜ. ಆದರೆ ದುಃಸ್ವಪ್ನ, ಬೆಚ್ಚಿಬೀಳುವುದು, ನೆನಪು ತರುವ ಜಾಗ ಮತ್ತು ಮಾತುಗಳಿಂದ ಓಡುವುದು, ಸಿಡುಕು ಇವೆಲ್ಲ ಒಂದು ತಿಂಗಳು ಮೀರಿಯೂ ಉಳಿದು ಓದು, ನಿದ್ದೆ ಕೆಟ್ಟಿದ್ದರೆ ವೈದ್ಯರು ಅದನ್ನು ಪಿ.ಟಿ.ಎಸ್.ಡಿ. ಇರಬಹುದೆಂದು ಪರೀಕ್ಷಿಸುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಈ ಕಾಯಿಲೆಯ ಬೇರು ಓಡುವುದರಲ್ಲಿದೆ. ಬಸ್ಸು ಹತ್ತದಿದ್ದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯಿಯೇ ಮನಸ್ಸಿಗೆ, ಬಸ್ಸು ನಿಜಕ್ಕೂ ಅಪಾಯ, ಓಡಿದ್ದರಿಂದ ಬದುಕಿದೆ ಎಂದು ಕಲಿಸುತ್ತದೆ. ಮರುದಿನ ಭಯ ಇನ್ನಷ್ಟು ಬಲವಾಗುತ್ತದೆ. “ಮರೆತುಬಿಡು ಮಗಳೇ” ಎಂದು ನಾವು ಹೇಳುವಾಗ ಅವಳಿಗೆ ಓಡಲು ಇನ್ನೊಂದು ದಾರಿ ತೋರಿಸಿದಂತಾಗುತ್ತದೆ.

ನಾರ್ವೆಯ ಆ ಮಕ್ಕಳಿಗೆ ಕೊಟ್ಟ ಚಿಕಿತ್ಸೆಯ ಹೆಸರು ಟ್ರಾಮಾ ಫೋಕಸ್ಡ್ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಹೆಸರು ಉದ್ದ, ವಿಷಯ ಸರಳ. ಅಮೆರಿಕದ ಜುಡಿತ್ ಕೋಹೆನ್, ಆಂಟನಿ ಮ್ಯಾನರಿನೊ ಮತ್ತು ಎಸ್ತರ್ ಡೆಬ್ಲಿಂಜರ್ ಇದನ್ನು ರೂಪಿಸಿದವರು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಹನ್ನೆರಡರಿಂದ ಹದಿನಾರು ಭೇಟಿಗಳು. ಮೊದಲ ದಿನವೇ “ಏನಾಯಿತು ಹೇಳು” ಎಂದು ಯಾರೂ ಕೆದಕುವುದಿಲ್ಲ. ಮೊದಲು, ನಿನಗೆ ಆಗುತ್ತಿರುವುದು ಹುಚ್ಚಲ್ಲ, ಆಘಾತವನ್ನು ಕಂಡ ಮನಸ್ಸು ಹೀಗೆ ನಡೆದುಕೊಳ್ಳುತ್ತದೆ ಎಂದು ವಿವರಿಸುತ್ತಾರೆ. ಅದನ್ನು ಕೇಳಿದಾಗಲೇ ಕೆಲವು ಮಕ್ಕಳ ಮುಖದ ಬಿಗಿ ಸಡಿಲವಾಗುತ್ತದೆ. ತನಗೆ ಮಾತ್ರ ಹೀಗೆ ಎಂದುಕೊಂಡಿರುತ್ತಾರಲ್ಲ! ಬಳಿಕ ಉಸಿರನ್ನು ನಿಧಾನಗೊಳಿಸುವುದು, ಮೈ ಸಡಿಲ ಬಿಡುವುದು, ಸಿಟ್ಟಿಗೂ ಭಯಕ್ಕೂ ನಾಚಿಕೆಗೂ ಬೇರೆ ಬೇರೆ ಹೆಸರು ಕೊಡುವುದು.

ಆಮೇಲೆ ಕಥೆ. ಮಗು ತನಗಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳುತ್ತದೆ ಅಥವಾ ಬರೆಯುತ್ತದೆ. ಮೊದಲು ಅಂದು ಬೆಳಿಗ್ಗೆ ಏನು ತಿಂಡಿ, ಯಾರು ಎಲ್ಲಿ ಕುಳಿತಿದ್ದರು. ಮುಂದಿನ ವಾರ ಇನ್ನೂ ಸ್ವಲ್ಪ ಮುಂದೆ. ಅತಿ ಕೆಟ್ಟ ಕ್ಷಣಕ್ಕೆ ಬರಲು ವಾರಗಳೇ ಹಿಡಿಯಬಹುದು. ಬರೆದದ್ದನ್ನು ಓದುತ್ತಾರೆ, ಮತ್ತೆ ಓದುತ್ತಾರೆ. ಮೊದಲ ಬಾರಿ ಕೈ ನಡುಗುತ್ತದೆ, ಐದನೆಯ ಬಾರಿ ಅಷ್ಟಾಗಿ ನಡುಗುವುದಿಲ್ಲ. ನೆನಪು ನೋವು ಕೊಡುತ್ತದೆ, ಆದರೆ ಕೊಲ್ಲುವುದಿಲ್ಲ ಎಂದು ಮೈಗೇ ತಿಳಿಯುತ್ತದೆ. ಹೀಗೆ ಬರೆಯುವಾಗಲೇ ಯಾರಿಗೂ ಗೊತ್ತಿಲ್ಲದ ಸಾಲೊಂದು ಹೊರಬರುವುದುಂಟು. “ನಾನು ಕರೆದದ್ದಕ್ಕೆ ಅಬ್ಬ ಹಿಂದೆ ತಿರುಗಿದರು. ನಾನು ಕರೆಯದಿದ್ದರೆ...” ಎಷ್ಟೋ ಮಕ್ಕಳು ಇಂತಹ ಒಂದು ವಾಕ್ಯವನ್ನು ವರ್ಷಗಟ್ಟಲೆ ಒಳಗಿಟ್ಟುಕೊಂಡಿರುತ್ತಾರೆ. ಅದು ನಮ್ಮ ಕಿವಿಗೆ ಬಿದ್ದರೆ “ಛೇ, ಹಾಗೆಲ್ಲ ಯೋಚಿಸಬೇಡ” ಎಂದು ತಡೆಯುತ್ತೇವೆ. ಚಿಕಿತ್ಸಕರು ತಡೆಯುವುದಿಲ್ಲ. ಎದುರಿನಿಂದ ಬಂದ ಲಾರಿ ಯಾವ ಬದಿಯಲ್ಲಿತ್ತು? ನಿನ್ನ ಗೆಳತಿಗೆ ಹೀಗಾಗಿದ್ದರೆ ಅವಳದ್ದೇ ತಪ್ಪು ಎನ್ನುತ್ತಿದ್ದೆಯಾ? ಹೀಗೆ ಕೇಳುತ್ತಾ ಹೋಗಿ, ಆ ತಪ್ಪು ತನ್ನದಲ್ಲವೆಂದು ಅವಳೇ ಕಂಡುಕೊಳ್ಳುವವರೆಗೆ ಕಾಯುತ್ತಾರೆ.

ಇದು ಕೇವಲ ನಂಬಿಕೆಯ ಮಾತಲ್ಲ. ನಾರ್ವೆಯಲ್ಲೇ 10ರಿಂದ 18 ವರ್ಷದ 156 ಮಂದಿಯ ಮೇಲೆ ನಡೆದ ಅಧ್ಯಯನವು, ಅಲ್ಲಿನ ಕ್ಲಿನಿಕ್‌ಗಳ ಮಾಮೂಲಿ ಚಿಕಿತ್ಸೆಗಿಂತ ಈ ಚಿಕಿತ್ಸೆ ಪಡೆದವರಲ್ಲಿ ಲಕ್ಷಣಗಳು ಹೆಚ್ಚು ಇಳಿದುದನ್ನು ತೋರಿಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಡ್ನಾ ಫೋವಾ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೊಳಗಾದ 61 ಹದಿಹರೆಯದ ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಾಂತ್ವನದ ಸಮಾಲೋಚನೆ, ಇನ್ನೊಂದಕ್ಕೆ ನೆನಪನ್ನು ಎದುರಿಸುವ ಚಿಕಿತ್ಸೆ. 2013ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪು ಸುಧಾರಿಸಿತ್ತು, ಆದರೆ ಎರಡನೆಯದು ಹೆಚ್ಚು. ಒಂದು ವರ್ಷದ ಬಳಿಕವೂ ಆ ವ್ಯತ್ಯಾಸ ಉಳಿದಿತ್ತು.

ಹಾಗೆಂದು ಇದು ಮಾಯದ ಮದ್ದು ಎಂದುಕೊಳ್ಳಬೇಡಿ. ಕಥೆ ಆರಂಭವಾದ ವಾರಗಳಲ್ಲಿ ಕೆಲವರಿಗೆ ಕನಸುಗಳು ಹೆಚ್ಚಾಗುತ್ತವೆ. ಆಗಲೇ ಅನೇಕ ತಾಯಂದಿರು ಹೆದರಿ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವ ಮೊದಲು ಚಿಕಿತ್ಸಕರಿಗೆ ವಿಷಯ ತಿಳಿಸಿ. ಕೆಲವರು ಅರ್ಧದಲ್ಲೇ ಬಿಡುತ್ತಾರೆ, ಕೆಲವರಿಗೆ ಬೇರೆ ಚಿಕಿತ್ಸೆ ಬೇಕಾಗುತ್ತದೆ. ಬದಲಾವಣೆ ಸಹ ಸಿನಿಮಾದಲ್ಲಿ ತೋರಿಸುವಂತೆ ಒಂದೇ ದಿನ ಅತ್ತು ಮುಗಿಯುವಂಥದ್ದಲ್ಲ. ಒಂದು ರಾತ್ರಿ ದೀಪವಿಲ್ಲದೆ ನಿದ್ದೆ ಬರುತ್ತದೆ. ಮರುವಾರ ಮತ್ತೆ ದೀಪ ಬೇಕು. ಅದಾದ ಮೇಲೆ ಒಂದು ದಿನ ಅವಳೇ ತಂದೆಯ ಬಗ್ಗೆ ಏನೋ ತಮಾಷೆಯ ಸಂಗತಿ ಹೇಳುತ್ತಾಳೆ, ಅಪಘಾತದ್ದಲ್ಲ, ಅದಕ್ಕಿಂತ ಹಿಂದಿನದ್ದು.

ಗುಟ್ಟಿನ ಬಗ್ಗೆ ಒಂದು ಮಾತು. ಮಗಳು ಒಳಗೆ ಹೇಳಿದ್ದನ್ನೆಲ್ಲ ಹೊರಗೆ ಬಂದು ನಿಮಗೆ ವರದಿ ಒಪ್ಪಿಸಬೇಕೆಂದು ಬಯಸಬೇಡಿ. ಆದರೆ ಜೀವಕ್ಕೆ ಅಪಾಯವಿದ್ದರೆ ಚಿಕಿತ್ಸಕರು ಮನೆಯವರಿಗೆ ತಿಳಿಸುತ್ತಾರೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾನೂನಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಹೆಸರನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲವೆಂದೂ ಅದೇ ಕಾನೂನು ಹೇಳುತ್ತದೆ. ಮನೆತನದ ಮರ್ಯಾದೆಯ ಹೆಸರಲ್ಲಿ ಮಗುವಿನ ಬಾಯಿ ಮುಚ್ಚಿಸುವವರು ಇದನ್ನು ತಿಳಿದಿರಲಿ.

ಎಲ್ಲಿಗೆ ಹೋಗುವುದೆಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಸಮಾಲೋಚಕರನ್ನು ಭೇಟಿಯಾದಾಗ, ಆಘಾತಕ್ಕೊಳಗಾದ ಮಕ್ಕಳೊಂದಿಗೆ ಕೆಲಸ ಮಾಡಿದ ತರಬೇತಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಪತ್ರ ಬರೆದ ಸಹೋದರಿಗೆ ಇನ್ನೊಂದು ವಿಷಯ ಹೇಳಬೇಕು. ಈ ಚಿಕಿತ್ಸೆಯಲ್ಲಿ ತಾಯಿಯನ್ನು ಬಾಗಿಲ ಹೊರಗೆ ಕೂರಿಸುವುದಿಲ್ಲ. ನಿಮಗೂ ಪ್ರತ್ಯೇಕ ಭೇಟಿಗಳಿರುತ್ತವೆ. ಮಗಳು ಒಪ್ಪಿದರೆ ಕೊನೆಯ ಹಂತದಲ್ಲಿ ತಾನು ಬರೆದದ್ದನ್ನು ಅವಳು ನಿಮ್ಮೆದುರು ಓದುತ್ತಾಳೆ. ಅದಕ್ಕೂ ಮೊದಲು ಚಿಕಿತ್ಸಕರು ಅದನ್ನು ನಿಮಗೊಬ್ಬರಿಗೇ ಓದಿ ಹೇಳಿರುತ್ತಾರೆ. ಮೊದಲ ಅಳು ಅಲ್ಲೇ ಮುಗಿಯಲಿ ಎಂದು. ಅವಳು ಓದುವ ದಿನ ನಿಮಗೆ ಅಳು ಬಂದರೂ ಪರವಾಗಿಲ್ಲ, ಎದ್ದು ಹೋಗದಿದ್ದರೆ ಸಾಕು. ಕೊನೆಯ ಪುಟದವರೆಗೆ ಅವಳಿಗೆ ಓದಲು ಬಿಡಿ.